ಎದೆಮಟ್ಟದ ಬಾಗಿಲು

ಇಟ್ಟಿಗೆ ಭಟ್ಟಿಯವರನ್ನು ಪೇಟೆಯಲ್ಲಿ ಗುರುತು ಹಿಡಿಯುವುದು ಸುಲಭ. ಬಟ್ಟೆ ನೋಡಬೇಕಾಗಿಲ್ಲ, ಮಾತು ಕೇಳಬೇಕಾಗಿಲ್ಲ. ಯಾವುದಾದರೂ ಬಾಗಿಲ ಪಕ್ಕ ನಿಂತರೆ ಸಾಕು. ಆಸ್ಪತ್ರೆಯ ಬಾಗಿಲಿರಲಿ, ಸಿನಿಮಾ ಮಂದಿರದ ಬಾಗಿಲಿರಲಿ, ಆನೆ ಮೇಲೆ ಕೂತು ಒಳಗೆ ಹೋಗಬಹುದಾದಂಥ ಬಾಗಿಲಿರಲಿ, ಭಟ್ಟಿಯವರು ಅಲ್ಲಿಗೆ ಬಂದ ಕೂಡಲೇ ಕತ್ತು ಕುಗ್ಗಿಸಿ, ಸೊಂಟ ಬಗ್ಗಿಸಿ, ಹಣೆಗೆ ಒಂದು ಕೈ ಅಡ್ಡ ಹಿಡಿದು ದಾಟುತ್ತಾರೆ. ದಾಟಿದ ಮೇಲೆ ತಲೆಯೆತ್ತಿ ನೋಡುತ್ತಾರೆ. ಅಲ್ಲಿ ಏನೂ ಇರುವುದಿಲ್ಲ. ನೋಡಿದವರು ನಗುತ್ತಾರೆ. ಭಟ್ಟಿಯವರೂ ಹಲ್ಲು ಕಿರಿಯುತ್ತಾರೆ, ಇನ್ನೇನು ಮಾಡುವುದು.

ದೊಡ್ಡಕ್ಕ ಹಾಗೆ ಬಗ್ಗಿದ್ದಕ್ಕೆ ಲೆಕ್ಕವಿಲ್ಲ. ಭಟ್ಟಿಯಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಾರೆ, ಅವಳಿಗಿಂತ ಹಿರಿಯರು ಕೂಡ. ಬಾಯಿ ದೊಡ್ಡದು, ಅದಕ್ಕೆ. ಇಟ್ಟಿಗೆ ಹೊತ್ತೂ ಹೊತ್ತೂ ಅವಳ ನೆತ್ತಿಯ ಕೂದಲು ಸವೆದುಹೋಗಿದೆ. ಹಣೆಯ ಮೇಲೆ, ಕೂದಲು ಶುರುವಾಗುವಲ್ಲಿ, ಒಂದು ಗಂಟಿದೆ. ಅದು ಬಾಗಿಲು ಕೊಟ್ಟ ಗಂಟು. ಭಟ್ಟಿಯಲ್ಲಿ ಹುಟ್ಟಿದ ಎಲ್ಲರಿಗೂ ಅದಿದೆ. ಅವಳ ತಮ್ಮನಿಗೂ ಇದೆ. ಅವನು ಅದರ ಮೇಲೆ ಕೂದಲು ಇಳಿಬಿಟ್ಟಿದ್ದಾನೆ.

ಆ ತಮ್ಮ ಈಗ ದೊಡ್ಡ ಮನುಷ್ಯ. ಕಟ್ಟಡಗಳ ನಕ್ಷೆ ಮಾಡುವ ಆರ್ಕಿಟೆಕ್ಟು. ಪತ್ರಿಕೆಯವರು ಅವನನ್ನು 'ನೆಲದ ಶಿಲ್ಪಿ' ಎಂದು ಬರೆಯುತ್ತಾರೆ. ನೆಲದ ಶಿಲ್ಪಿಯಂತೆ! ನೆಲ ಅಗೆದವರು ಯಾರು, ಮಣ್ಣು ತುಳಿದವರು ಯಾರು ಎಂದು ಕೇಳಿದರೆ ಪತ್ರಿಕೆಯವರಿಗೆ ಕೆಮ್ಮು ಬರುತ್ತದೆ. ಅವನು ನೆಲ ಮುಟ್ಟಿ ಎಷ್ಟು ಕಾಲವಾಯಿತೋ ಅವನ ಬೂಟಿಗೇ ಗೊತ್ತಿಲ್ಲ. ಆದರೂ ದೊಡ್ಡಕ್ಕನಿಗೆ ಅವನ ಮೇಲೆ ಬಹಳ ದಿನ ಸಿಟ್ಟಿರಲಿಲ್ಲ. ಅವನ ಹೆಸರಿಗೆ ಕಾರಣವಾದ ಬಾಗಿಲಿನ ಮೇಲೂ ಇರಲಿಲ್ಲ. ಸಿಟ್ಟು ಬಂದದ್ದು ಆ ಬಾಗಿಲು ಭಟ್ಟಿಗೆ ವಾಪಸು ಬಂದಾಗ.

ಆ ಬಾಗಿಲ ಕಥೆ ಹಳೆಯ ಧಣಿಯ ಕಾಲದ್ದು. ಭಟ್ಟಿಯ ಕೆಲಸಗಾರರು ತಮ್ಮ ಗೂಡು ತಾವೇ ಕಟ್ಟಿಕೊಳ್ಳಬೇಕಿತ್ತು. ಇಟ್ಟಿಗೆ ಧಣಿಯದು, ಬೆಂಕಿಯಲ್ಲಿ ಸೊಟ್ಟಗಾಗಿ ಯಾರೂ ಕೊಳ್ಳದೆ ಉಳಿದದ್ದು. ಗಾರೆಯಿಲ್ಲ. ಕೆಸರು ಮೆತ್ತಿ ಒಂದರ ಮೇಲೊಂದು ಜೋಡಿಸುವುದು. ಬಾಗಿಲು ಮಾತ್ರ ಎದೆಮಟ್ಟಕ್ಕೆ ನಿಲ್ಲಬೇಕು, ಅದಕ್ಕಿಂತ ಮೇಲೆ ಏರಿಸುವ ಹಾಗಿಲ್ಲ. ಇಟ್ಟಿಗೆ ಉಳಿಸುವುದಕ್ಕೆ ಎಂದು ಧಣಿ ಹೇಳುತ್ತಿದ್ದ. ಬಾಗಿಲು ತಗ್ಗಿದಷ್ಟೂ ಅದರ ಮೇಲೆ ಇಟ್ಟಿಗೆ ಜಾಸ್ತಿ ಬೇಕು ಎನ್ನುವುದು ಮೂರು ವರ್ಷದ ಮಗುವಿಗೂ ತಿಳಿಯುತ್ತದೆ. ನಿಜವಾದ ಕಾರಣ ಬೇರೆಯಿತ್ತು. ಎಲ್ಲ ಗೂಡುಗಳ ಬಾಗಿಲೂ ಧಣಿಯ ಆಫೀಸಿನ ಕಡೆಗೇ ಮುಖ ಮಾಡಿದ್ದವು. ಬೆಳಿಗ್ಗೆ ಧಣಿ ಚಹಾದ ಲೋಟ ಹಿಡಿದು ಜಗಲಿಗೆ ಬಂದು ನಿಲ್ಲುತ್ತಿದ್ದ. ಅದೇ ಹೊತ್ತಿಗೆ ಸಾಲಾಗಿ ಎಲ್ಲ ಬಾಗಿಲುಗಳಿಂದ ಗಂಡಸರು, ಹೆಂಗಸರು, ಮಕ್ಕಳು, ಮುದುಕರು ತಲೆ ತಗ್ಗಿಸಿಕೊಂಡು ಅವನ ಕಡೆಗೆ ಹೊರಬರುತ್ತಿದ್ದರು. ದಿನ ಬೆಳಗಾದರೆ ಅಷ್ಟೊಂದು ನಮಸ್ಕಾರ, ಅದೂ ಪುಕ್ಕಟೆ. ಯಾವ ರಾಜನಿಗೆ ಸಿಕ್ಕೀತು?

ದೊಡ್ಡಕ್ಕನ ಅಪ್ಪ ಇಟ್ಟಿಗೆ ಅಚ್ಚು ಹಾಕುವವನು. ಮಾತಾಡುವ ಗಂಡಸಲ್ಲ. ಆ ವರ್ಷ ಅವ್ವ ತುಂಬು ಬಸುರಿ. ಬಗ್ಗಲಾರಳು. ಬಾಗಿಲಿಗೆ ಬಂದು ಮಂಡಿಯೂರಿ, ಒಂದು ಮಗ್ಗುಲಾಗಿ ತೆವಳಿಕೊಂಡು ಹೊರಬರುತ್ತಿದ್ದಳು. ಹೊಟ್ಟೆ ನೆಲಕ್ಕೆ ಉಜ್ಜುತ್ತಿತ್ತು. ಅಪ್ಪ ಅದನ್ನು ನೋಡಿ ನೋಡಿ ಒಂದು ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಬಾಗಿಲ ಮೇಲಿನ ಸಾಲುಗಳನ್ನು ಬಿಚ್ಚಿದ. ಎಲ್ಲಿಂದಲೋ ಒಂದು ಹಳೆ ಹಲಗೆ ತಂದು ಮೇಲಕ್ಕೆ ಅಡ್ಡ ಇಟ್ಟ. ದೊಡ್ಡಕ್ಕ ಆಗ ಪುಟ್ಟ ಹುಡುಗಿ. ಕೆಸರಿನ ಉಂಡೆ ಎತ್ತಿ ಎತ್ತಿ ಕೊಟ್ಟಿದ್ದಳು. ಆ ಸಂಜೆ ಅವ್ವ ನೆಟ್ಟಗೆ ನಡೆದು ಒಳಗೆ ಹೋದಳು. ಹೊರಗೆ ಬಂದಳು. ಮತ್ತೆ ಹೋದಳು.

"ರಾಣಿ ಹಾಗೆ ಹೋಗ್ತಿದೀನಿ ನೋಡೇ," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ರಾಣಿತನ ಒಂದು ರಾತ್ರಿ ನಡೆಯಿತು. ಬೆಳಿಗ್ಗೆ ಎಲ್ಲ ಬಾಗಿಲುಗಳಿಂದ ನೆತ್ತಿಗಳು ಹೊರಬರುವಾಗ ಒಂದು ಬಾಗಿಲಿಂದ ಅವ್ವನ ಮುಖ ಹೊರಬಂತು. ಬಂದು ಧಣಿಯ ಮುಖವನ್ನು ನೇರವಾಗಿ ನೋಡಿಬಿಟ್ಟಿತು.

"ಯಾವನೋ ಅದು ಅರಮನೆ ಕಟ್ಟಿಸಿದೋನು?"

ಧಣಿ ಕೆಲಸ ನಿಲ್ಲಿಸಿ ಎಲ್ಲರನ್ನೂ ಸುತ್ತ ನಿಲ್ಲಿಸಿದ. ಅಪ್ಪನ ಕೈಯಲ್ಲೇ ಹಲಗೆ ತೆಗೆಸಿದ. ಅಪ್ಪನ ಕೈಯಲ್ಲೇ ಇಟ್ಟಿಗೆ ಇಡಿಸಿದ. ಅಪ್ಪ ಮಂಡಿಯ ಮೇಲೆ ಕೂತು ಇಟ್ಟಿಗೆ ಇಡುತ್ತಿದ್ದ. ಒಂದು ಸೊಟ್ಟಗಾದರೂ ಧಣಿ ಚಪ್ಪಲಿ ಕಾಲಲ್ಲಿ ತಳ್ಳಿ ಬೀಳಿಸಿ, "ಇನ್ನೊಂದ್ಸಲ ಇಡು," ಎನ್ನುತ್ತಿದ್ದ. ಹಳೆಯ ಮಟ್ಟಕ್ಕೆ ಬಂದ ಮೇಲೆ ಅಪ್ಪ ಏಳಲು ಹೋದ. "ಕೂತ್ಕೋ. ಇನ್ನೊಂದು ಸಾಲು ಇಳಿಸು. ಹೊಟ್ಟೆಯಲ್ಲಿರೋದೂ ಕಲೀಲಿ," ಎಂದ ಧಣಿ. ಅಪ್ಪ ಇನ್ನೊಂದು ಸಾಲು ಇಳಿಸಿದ. ಹಲಗೆ ಭಟ್ಟಿಯ ಬೆಂಕಿಗೆ ಹೋಯಿತು. ಸುತ್ತ ನಿಂತವರಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ತಾವೂ ಅದೇ ಬಾಗಿಲಿನವರೇ ತಾನೆ.

ನೋವು ಬಂದಾಗ ಅವ್ವನಿಗೆ ಆ ಕಿಂಡಿಯಿಂದ ತೆವಳಲೂ ಆಗಲಿಲ್ಲ. ಹೆಂಗಸರು ಅವಳನ್ನು ಗೋಣಿಚೀಲದ ಮೇಲೆ ಮಲಗಿಸಿ, ಕಾಲು ಮುಂದಾಗಿ, ಹೆಣ ಎಳೆದ ಹಾಗೆ ಹೊರಗೆ ಎಳೆದರು. ಒಣಗಲು ಹಾಕಿದ್ದ ಹಸಿ ಇಟ್ಟಿಗೆಗಳ ಸಾಲಿನ ನಡುವೆ ತಮ್ಮ ಹುಟ್ಟಿದ. ಅವ್ವ ಆಮೇಲೆ ಸರಿಯಾಗಿ ಎದ್ದು ನಿಲ್ಲಲೇ ಇಲ್ಲ. ಅವನು ಶಾಲೆಗೆ ಹೋಗುವ ಹೊತ್ತಿಗೆ ಸತ್ತಳು. ಅಪ್ಪನೂ ಅವಳ ಹಿಂದೆಯೇ ಹೋದ.

ಹುಡುಗ ಚುರುಕು. ಹಸಿ ಇಟ್ಟಿಗೆಯ ಮೇಲೆ ಮೊಳೆಯಿಂದ ಮನೆ ಗೀಚುತ್ತಿದ್ದ, ಪೆಟ್ಟು ತಿನ್ನುತ್ತಿದ್ದ, ಮತ್ತೆ ಗೀಚುತ್ತಿದ್ದ. ಅವನನ್ನು ಓದಿಸಬೇಕೆಂದು ದೊಡ್ಡಕ್ಕ ಹಟ ಹಿಡಿದಳು. ಅವನ ಪಾಲಿನ ಇಟ್ಟಿಗೆಯನ್ನೂ ತಾನೇ ಹೊತ್ತಳು. ಅವಳ ಕತ್ತು ಗಿಡ್ಡವಾಗಿರುವುದು ಹುಟ್ಟಿನಿಂದ ಅಲ್ಲ. ಹುಡುಗ ಹಾಸ್ಟೆಲು ಸೇರಿದ, ಕಟ್ಟಡದ ಕಾಲೇಜು ಸೇರಿದ. ಮೊದಲ ರಜೆಗೆ ಬಂದವನು ಅಕ್ಕನ ಮಡಿಲಲ್ಲಿ ಮುಖ ಹುದುಗಿಸಿ ಅತ್ತ.

"ನಾನು ಬಾಗಿಲು ದಾಟೋವಾಗ ಎಲ್ಲಾ ನಗ್ತಾರೆ ಅಕ್ಕ. ಕೋಳಿ ಅಂತ ಹೆಸರಿಟ್ಟಿದಾರೆ."

ಕೋಳಿ ಎಷ್ಟೇ ಎತ್ತರದ ಬಾಗಿಲಾದರೂ ತಲೆ ತಗ್ಗಿಸಿಯೇ ದಾಟುತ್ತದಲ್ಲ, ಅದಕ್ಕೆ. ದೊಡ್ಡಕ್ಕನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಮಾರನೆಯ ದಿನ ಅವನನ್ನು ಪೇಟೆಯ ತರಕಾರಿ ಮಾರುಕಟ್ಟೆಗೆ ಕರೆದುಕೊಂಡು ಹೋದಳು. ಅಲ್ಲಿಯ ಹೆಬ್ಬಾಗಿಲಲ್ಲಿ ಮೂಟೆ ತುಂಬಿದ ಲಾರಿ ನುಗ್ಗುತ್ತದೆ. ಆ ಬಾಗಿಲಲ್ಲಿ ಅವನನ್ನು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ನಡೆಸಿದಳು. ಹಿಂದೆಯೇ ನಡೆದು ಅವನ ಹೆಗ್ಗತ್ತು ಹಿಡಿದಿದ್ದಳು. ಅವನು ಬಗ್ಗಿದಾಗಲೆಲ್ಲ ಚಿವುಟಿದಳು.

"ಎತ್ತೋ ತಲೆ. ಮೇಲೆ ಏನೂ ಇಲ್ಲ."

ತರಕಾರಿಯವರು ವ್ಯಾಪಾರ ಬಿಟ್ಟು ನೋಡಿದರು. ಈ ಅಕ್ಕತಮ್ಮಂದಿರಿಗೆ ತಲೆ ಕೆಟ್ಟಿದೆ ಎಂದುಕೊಂಡರು. ಸಂಜೆಯಾಗುವ ಹೊತ್ತಿಗೆ ಹುಡುಗ ನೆಟ್ಟಗೆ ದಾಟುವುದನ್ನು ಕಲಿತ. ಆದರೆ ಗಮನವಿಟ್ಟಾಗ ಮಾತ್ರ. ಮನಸ್ಸು ಬೇರೆಲ್ಲೋ ಇದ್ದಾಗ ಕತ್ತು ತನ್ನಷ್ಟಕ್ಕೆ ತಗ್ಗುತ್ತಿತ್ತು. ಕಲಿಸಿದವಳಿಗೂ ಅಷ್ಟೇ, ವಾಪಸು ಬರುವಾಗ ಬಸ್ಸಿನ ಬಾಗಿಲಲ್ಲಿ ಬಗ್ಗಿದಳು.

ಓದು ಮುಗಿಸಿ ಅವನು ಮೊದಲು ಕಟ್ಟಿದ್ದು ಒಬ್ಬ ಬಟ್ಟೆ ವ್ಯಾಪಾರಿಯ ಬಂಗಲೆ. ಸುಟ್ಟ ಇಟ್ಟಿಗೆಯ ಗೋಡೆ, ಮೇಲೆ ಬಣ್ಣವಿಲ್ಲ. ಮುಂಬಾಗಿಲು ಎದೆಮಟ್ಟ. ಗೃಹಪ್ರವೇಶದ ದಿನವೇ ವ್ಯಾಪಾರಿಯ ಅತ್ತೆ ಹಣೆ ಬಡಿಸಿಕೊಂಡಳು. ಇನ್ನೇನು ರಂಪ ಆಗಬೇಕು, ಅಷ್ಟರಲ್ಲಿ ತಮ್ಮ ಎದ್ದು ನಿಂತು, "ಮನೆಯೊಳಗೆ ಬರುವವರು ಅಹಂಕಾರವನ್ನು ಹೊರಗೆ ಬಿಟ್ಟು ಬರಬೇಕು. ಈ ಬಾಗಿಲು ಅದನ್ನು ನೆನಪಿಸುತ್ತದೆ," ಎಂದ. ಅತ್ತೆಯ ಬಾಯಿ ಮುಚ್ಚಿತು. ಬಂದವರು ಚಪ್ಪಾಳೆ ತಟ್ಟಿದರು. ಪತ್ರಿಕೆಯಲ್ಲಿ ಬಾಗಿಲಿನ ಚಿತ್ರ ಬಂತು.

ಅಲ್ಲಿಂದ ಅವನ ಗಾಡಿ ನಿಲ್ಲಲಿಲ್ಲ. ಡಾಕ್ಟರರಿಗೆ ಆ ಬಾಗಿಲು ಬೇಕು. ವಕೀಲರಿಗೆ ಬೇಕು. ದೊಡ್ಡ ಹೋಟೆಲಿನವರಿಗೆ ಬೇಕು. ಪುಸ್ತಕ ಭಂಡಾರಕ್ಕೂ ಹಾಕಿಸಿದರು. ಊರಿನ ಸಾಹುಕಾರರೆಲ್ಲ ಸೂಟು ಹಾಕಿಕೊಂಡು ಸೊಂಟ ಬಗ್ಗಿಸಿ ಒಳಗೆ ನುಸುಳತೊಡಗಿದರು. ಬಾಗಿದ್ದಕ್ಕೆ ಅವರಿಗೆ ಹೆಮ್ಮೆ. ಹಣೆ ಉಜ್ಜಿಕೊಂಡು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದರು. ಹಿಂದಿನ ಬಾಗಿಲು ಮಾತ್ರ ಎಲ್ಲರ ಮನೆಯಲ್ಲೂ ಎತ್ತರಕ್ಕಿತ್ತು. ಸೋಫಾ, ಕಪಾಟು ಒಳಗೆ ಹೋಗಬೇಕಲ್ಲ. ವಿನಯವಿರುವುದು ಮನುಷ್ಯರಿಗೆ, ಸೋಫಾಕ್ಕಲ್ಲ.

ಸುದ್ದಿ ಕೇಳಿ ದೊಡ್ಡಕ್ಕ ಬಿದ್ದು ಬಿದ್ದು ನಕ್ಕಳು. ಭಟ್ಟಿಯ ಹೆಂಗಸರಿಗೆಲ್ಲ ಹೇಳಿ ನಗಿಸಿದಳು. ತಮ್ಮ ಯಾಕೆ ಹಾಗೆ ಮಾಡಿದ ಎಂಬುದು ಅವಳಿಗೆ ಅರ್ಥವಾಗಿತ್ತು. ಎಲ್ಲರೂ ಬಗ್ಗಿದರೆ ತಾನು ಬಗ್ಗುವುದು ಯಾರಿಗೂ ಕಾಣುವುದಿಲ್ಲ. ಕೋಳಿ ಎಂದವರನ್ನೆಲ್ಲ ಕೋಳಿ ಮಾಡಿಬಿಟ್ಟಿದ್ದ.

"ನಮ್ಮ ಹುಡುಗ ಸೇಡು ತೀರಿಸ್ಕೊತಿದಾನೆ," ಎಂದಳು. "ಬಡಿಸ್ಕೊಳ್ಳಲಿ ಹಣೆ. ಚೆನ್ನಾಗಿ ಬಡಿಸ್ಕೊಳ್ಳಲಿ."

ಹೀಗಿರುವಾಗ ಭಟ್ಟಿಗೊಂದು ಸುದ್ದಿ ಬಂತು. ಹಳೆಯ ಧಣಿ ಸತ್ತು ಅವನ ಜಾಗದಲ್ಲಿ ಮಗ ಸಣ್ಣ ಧಣಿ ಕೂತಿದ್ದ. ಓದಿದವನು, ಬಯ್ಯುವುದಿಲ್ಲ, ಎಲ್ಲದಕ್ಕೂ 'ಪ್ಲೀಸ್' ಎನ್ನುತ್ತಾನೆ. ಕೆಲಸ ಅದೇ, ಬೆಂಕಿ ಅದೇ. ಅವನು ಕೆಲಸಗಾರರಿಗೆ ಕಾಯಂ ಮನೆ ಕಟ್ಟಿಸಿಕೊಡುತ್ತಾನಂತೆ. ನಕ್ಷೆ ದೊಡ್ಡಕ್ಕನ ತಮ್ಮನದಂತೆ. ದೇಶ ವಿದೇಶದ ಬಹುಮಾನದವರು ನೋಡಲು ಬರುತ್ತಾರಂತೆ. ಹೆಂಗಸರು ಕುಣಿದಾಡಿದರು. ಇಟ್ಟಿಗೆ ಸುಡುವ ಕಾಲ ಮುಗಿದಾಗ ಕಿತ್ತುಹಾಕದ ಗೂಡು, ತಲೆ ಮೇಲೆ ಗಟ್ಟಿ ಮಾಡು, ಸೋರದ ಸೂರು. ಹಗಲು ಧಣಿಗೆ ಇಟ್ಟಿಗೆ ಹೊತ್ತು, ಸಂಜೆ ತಮ್ಮದೇ ಮನೆಗೆ ಇಟ್ಟಿಗೆ ಹೊತ್ತರು. ಯಾರಿಗೂ ದಣಿವೆನಿಸಲಿಲ್ಲ.

ತಮ್ಮನ ಜೀವನದ ಬಗ್ಗೆ ಪುಸ್ತಕ ಬರೆಯುವವಳೊಬ್ಬಳು ಆಗಲೇ ಬಂದಳು. ಕುತ್ತಿಗೆಗೆ ಮಣ್ಣಿನ ಮಣಿಗಳ ಸರ. ದೊಡ್ಡಕ್ಕನ ಪಕ್ಕದಲ್ಲೇ ನಡೆಯುತ್ತ ಪ್ರಶ್ನೆ ಕೇಳಿದಳು. ದೊಡ್ಡಕ್ಕ ತಲೆ ಮೇಲಿನ ಹೊರೆ ಇಳಿಸದೆ ಎಲ್ಲ ಹೇಳಿದಳು. ಹಲಗೆ, ಚಪ್ಪಲಿ ಕಾಲು, ಇನ್ನೊಂದು ಸಾಲು, ಗೋಣಿಚೀಲ. ಪುಸ್ತಕದವಳ ಕಣ್ಣು ತುಂಬಿ ಬಂತು. "ಎಷ್ಟು ಚೆನ್ನಾಗಿದೆ," ಎಂದಳು.

"ಯಾವುದು ಚೆನ್ನಾಗಿದೆ?" ಎಂದಳು ದೊಡ್ಡಕ್ಕ. ಪುಸ್ತಕದವಳು ಕಣ್ಣೊರೆಸಿಕೊಂಡು ಬರೆದುಕೊಂಡಳು.

ಗೋಡೆ ಎದ್ದಿತು. ಒಂದು ದಿನ ದೊಡ್ಡಕ್ಕ ಇಟ್ಟಿಗೆ ಇಳಿಸುವಾಗ ಮೇಸ್ತ್ರಿ ಬಾಗಿಲ ಎರಡೂ ಬದಿಯ ಗೋಡೆಯನ್ನು ಅವಳ ಎದೆಮಟ್ಟಕ್ಕೆ ನಿಲ್ಲಿಸಿ ಕಮಾನು ತಿರುಗಿಸಲು ಶುರು ಮಾಡಿದ್ದ.

"ಮೇಸ್ತ್ರಿ, ಇನ್ನೂ ಏರಿಸ್ಬೇಕಲ್ವಾ?"

"ನಕ್ಷೆಯಲ್ಲಿ ಇಷ್ಟೇ ಇರೋದು ತಾಯಿ. ನನಗೂ ವಿಚಿತ್ರ ಅನ್ನಿಸ್ತು. ಮುಂದಿನ ಗೋಡೆ ಮೇಲೆ ಭಾರವೇ ಇಲ್ಲ, ಮಾಡು ಕೂರೋದು ಪಕ್ಕದ ಗೋಡೆ ಮೇಲೆ. ಬೇಕಾದ್ರೆ ಮಾಡಿನ ತನಕ ಬಾಗಿಲು ಬಿಡಬಹುದು. ಆದರೆ ನಿಮ್ಮ ತಮ್ಮಂದೇ ನಕ್ಷೆ. ಅವರನ್ನೇ ಕೇಳಿ."

ದೊಡ್ಡಕ್ಕ ಸಾಲಿನುದ್ದಕ್ಕೂ ನೋಡಿದಳು. ಎಲ್ಲ ಬಾಗಿಲೂ ಎದೆಮಟ್ಟ. ಎಲ್ಲವೂ ಒಂದೇ ದಿಕ್ಕಿಗೆ ಮುಖ. ಎದುರಿಗೆ ಸಣ್ಣ ಧಣಿಯ ಹೊಸ ಆಫೀಸು, ಗಾಜಿನದು. ಜಗಲಿಗೆ ಬರುವ ಶ್ರಮವನ್ನೂ ಉಳಿಸಿಕೊಂಡಿದ್ದ, ಒಳಗೆ ಕೂತೇ ಕಾಣುತ್ತದೆ. ದೊಡ್ಡಕ್ಕ ಹೊರೆ ಅಲ್ಲೇ ಬಿಟ್ಟು ಪೇಟೆಯ ಬಸ್ಸು ಹತ್ತಿದಳು.

ತಮ್ಮನ ಆಫೀಸಿಗೂ ಅದೇ ಬಾಗಿಲು. ಒಬ್ಬ ದಪ್ಪ ಸಾಹುಕಾರ ಅದರಲ್ಲಿ ಸಿಕ್ಕಿಕೊಂಡ ಹಾಗೆ ಏದುಸಿರು ಬಿಡುತ್ತ ಹೊರಬರುತ್ತಿದ್ದ. ದೊಡ್ಡಕ್ಕ ಸರಕ್ಕನೆ ಒಳಗೆ ಹೋದಳು. ಭಟ್ಟಿಯವಳಿಗೆ ಅದು ತವರುಮನೆ ಬಾಗಿಲಿದ್ದ ಹಾಗೆ.

"ಬಾಗಿಲು ಏರಿಸು," ಎಂದಳು, ಕೂರುವ ಮೊದಲೇ.

"ಯಾವ ಬಾಗಿಲು ಅಕ್ಕ?"

"ನಾಟಕ ಬೇಡ."

ಅವನು ಚಹಾ ತರಿಸಿದ. ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದ. "ಅದು ನನ್ನ ಸಹಿ ಇದ್ದ ಹಾಗೆ ಅಕ್ಕ. ಇದು ನಾನು ಕಟ್ಟಿದ್ದು ಅಂತ ಜನ ಗುರುತಿಸೋದೇ ಅದರಿಂದ. ಬಹುಮಾನದೋರು ನೋಡೋಕೆ ಬರ್ತಿರೋದೂ ಅದನ್ನೇ."

"ನಿನ್ನ ಸಹಿ ನಮ್ಮ ಹಣೆ ಮೇಲೆ ಯಾಕೋ ಹಾಕ್ತೀಯ?"

"ಎಂತೆಂಥಾ ದೊಡ್ಡೋರೆಲ್ಲಾ ಬಗ್ತಾರೆ. ನಿಮಗೇನು ಕಷ್ಟ? ಅಭ್ಯಾಸ ಬೇರೆ ಇದೆ."

ಬಾಯಿ ಜಾರಿತ್ತು. ಆದರೆ ಅವನು ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ದೊಡ್ಡಕ್ಕ ಚಹಾದ ಲೋಟ ಕೆಳಗಿಟ್ಟಳು.

"ಅವರು ಬಗ್ಗೋದು ಆಟಕ್ಕೆ ಕಣೋ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಅವರಿಗೆ ಬೇಜಾರಾದ್ರೆ ಹಿಂದಿನ ಬಾಗಿಲು ತೆಗೀತಾರೆ. ನಮಗಿರೋದು ಒಂದೇ ಬಾಗಿಲು. ಬಸುರೀನೂ ಅದರಲ್ಲೇ, ಹೆಣಾನೂ ಅದರಲ್ಲೇ."

"ಅಪ್ಪನ ಬಾಗಿಲನ್ನ ಮರೀದೆ ಇಟ್ಕೊಂಡಿರೋನು ನಾನು ಅಕ್ಕ. ಅದನ್ನ ಜಗತ್ತಿಗೇ ತೋರಿಸಿದೀನಿ."

"ಅಪ್ಪನ ಬಾಗಿಲು ಯಾವುದೋ? ಹಲಗೆ ಇಟ್ಟು ಏರಿಸಿದ್ದು ಅಪ್ಪನ ಬಾಗಿಲು. ನಿನಗೋಸ್ಕರ ಏರಿಸಿದ್ದು. ನೀನು ಊರೆಲ್ಲಾ ಕಟ್ಟಿರೋದು ಧಣಿ ಬಾಗಿಲು."

ಅವನು ಕಿಟಕಿಯ ಕಡೆ ತಿರುಗಿಕೊಂಡ. ನಕ್ಷೆಯನ್ನು ಸಣ್ಣ ಧಣಿ ಒಪ್ಪಿಯಾಗಿದೆ, ಈಗ ಬದಲಾಯಿಸಲು ಆಗುವುದಿಲ್ಲ ಎಂದ. ಎಲ್ಲ ಬಾಗಿಲೂ ಧಣಿಯ ಆಫೀಸಿಗೆ ಯಾಕೆ ಮುಖ ಮಾಡಿವೆ ಎಂದು ದೊಡ್ಡಕ್ಕ ಕೇಳಿದಳು. ಅದು ಗಾಳಿ ಬೆಳಕಿನ ವಿಚಾರ, ನಿನಗೆ ತಿಳಿಯೋದಿಲ್ಲ ಎಂದ.

"ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅಂತ ತಿಳೀತು ಬಿಡು," ಎಂದು ಅವಳು ಎದ್ದಳು.

ಭಟ್ಟಿಯ ಹೆಂಗಸರಿಗೆ ಹೇಳಿದರೆ ಅವರು ಹೆದರಿದರು. ಜಗಳ ಮಾಡಿ ಬರುವ ಮನೆ ಕಳೆದುಕೊಳ್ಳುವುದೇ? ಎಲ್ಲರಿಗಿಂತ ಹಿರಿಯಳು ಬೂದಿ ಅಜ್ಜಿ. ಭಟ್ಟಿ ಆರಿದ ಮೇಲೆ ಸಲಾಕೆ ಹಿಡಿದು ಬೂದಿ ಕೆದಕುವವಳು. ಅಪ್ಪ ಮಂಡಿಯೂರಿದ ದಿನ ಸುತ್ತ ನಿಂತು ನೋಡಿದ ದೊಡ್ಡವರಲ್ಲಿ ಬದುಕಿ ಉಳಿದಿದ್ದವಳು ಅವಳೊಬ್ಬಳೇ.

"ಬಗ್ಗಿದ್ರೆ ಸೊಂಟ ಮುರಿಯುತ್ತೇನೇ? ಇಷ್ಟು ವರ್ಷ ಬಗ್ಗಿಲ್ವಾ? ತಲೆ ಮೇಲೊಂದು ಮಾಡು ಬರ್ತಿದೆ, ಸುಮ್ನಿರು," ಎಂದಳು ಅಜ್ಜಿ.

ಅವಳ ಮಾತಿನಲ್ಲಿ ತಪ್ಪೇನಿತ್ತು? ಮಳೆಗೆ ಕರಗುವ ಗೋಡೆಯಲ್ಲಿ ಬದುಕಿದವರಿಗೆ ಗಟ್ಟಿ ಮಾಡಿನ ಬೆಲೆ ಗೊತ್ತು. ದೊಡ್ಡಕ್ಕ ಬಾಯಿಗೆ ಬೀಗ ಹಾಕಿಕೊಂಡಳು. ಉದ್ಘಾಟನೆಯ ದಿನ ಮೊದಲ ಮನೆಗೆ ಮೊದಲು ಅವಳೇ ಬಗ್ಗಿ ಒಳಗೆ ಬರಬೇಕು, ತಾನು ಒಳಗೆ ನಿಂತು ಕೈ ಹಿಡಿದು ಕರೆದುಕೊಳ್ಳುತ್ತೇನೆ, ಅದರ ಚಿತ್ರ ತೆಗೆಯುತ್ತಾರೆ ಎಂದು ತಮ್ಮ ಹೇಳಿ ಕಳಿಸಿದಾಗ, "ಸರಿ," ಎಂದಳು. ಅಂದು ಅವಳಿಗೆ ಅನ್ನ ಸೇರಲಿಲ್ಲ.

ಆ ದಿನ ಬೆಳಿಗ್ಗೆಯೇ ಕಾರುಗಳು ಬಂದವು. ಕುರ್ಚಿ, ನೆರಳಿಗೆ ಬಟ್ಟೆ, ಮೈಕು. ಬಹುಮಾನದವರು ತಣ್ಣನೆಯ ನೀರು ಕುಡಿಯುತ್ತ ಕೂತರು. ಕಟ್ಟಿದವರು ಹಿಂದೆ ಬಿಸಿಲಿನಲ್ಲಿ ನಿಂತರು. ತಮ್ಮ ಮತ್ತು ಕ್ಯಾಮೆರಾದವರು ಮೊದಲೇ ಮನೆಯೊಳಗೆ ಹೋಗಿ ಕಾದರು. ಬೆಳಕಿನಿಂದ ಕತ್ತಲಿಗೆ ಬಗ್ಗಿ ಬರುವ ಹೆಂಗಸು ಒಳಗಿನಿಂದ ಚೆನ್ನಾಗಿ ಕಾಣುತ್ತಾಳಂತೆ. ಸಣ್ಣ ಧಣಿ ನಾಲ್ಕು ಸಲ 'ಕುಟುಂಬ' ಎಂದ. ಇಷ್ಟು ದಿನ ಆ ಕುಟುಂಬದವರ ಮೂತಿ ನೋಡಿದವನಲ್ಲ. ಆಮೇಲೆ ಪುಸ್ತಕದವಳು ಎದ್ದು ಹೊಸ ಪುಸ್ತಕದಿಂದ ಓದಿದಳು. ಅವಳ ದನಿ ನಡುಗುತ್ತಿತ್ತು, ಭಾವನೆಗೆ.

"ಆ ಜನರಿಗೆ ವಿನಯವೇ ವಾಸ್ತು. ಮಗ ಹುಟ್ಟುವ ಸಂಭ್ರಮದಲ್ಲಿ ಆ ಬಡ ತಂದೆ ತನ್ನ ಗುಡಿಸಲಿನ ಬಾಗಿಲನ್ನು ಕೈಯಾರೆ ಇನ್ನೊಂದು ಸಾಲು ತಗ್ಗಿಸಿದನು. ಬರುವ ಮಗು ಬಾಗುವುದನ್ನು ಕಲಿಯಲೆಂದು."

ಚಪ್ಪಾಳೆ ಬಿತ್ತು. ದೊಡ್ಡಕ್ಕ ಜನರನ್ನು ಸರಿಸಿಕೊಂಡು ಪುಸ್ತಕದವಳ ಮುಂದೆ ಹೋಗಿ ನಿಂತಳು.

"ನಾನು ಹೇಳಿದ್ದು ಇದಾ?"

ಪುಸ್ತಕದವಳ ಮುಖ ಬಿಳುಚಿತು. "ಇಲ್ಲಮ್ಮ... ನೀವು ಹೇಳಿ​ದ್ದನ್ನೇ ಬರೆದಿದ್ದೆ. ಸರ್ ಓದಿ ತಿದ್ದಿದ್ರು. ನಿಜವಾಗಿ ನಡೆದಿದ್ದು ಹೀಗೆ ಅಂದ್ರು."

ಧಣಿಯ ಮಗ ತಿದ್ದಿದ್ದರೆ ದೊಡ್ಡಕ್ಕ ಉಗಿದು ಸುಮ್ಮನಾಗುತ್ತಿದ್ದಳು. ತಿದ್ದಿದವನು ಆ ಹಲಗೆ ಯಾರಿಗಾಗಿ ಏರಿತ್ತೋ ಅವನೇ. ಅಪ್ಪನನ್ನು ಎರಡನೆಯ ಸಲ ಮಂಡಿಯೂರಿಸಿದ್ದ. ಅದೂ ನಗುನಗುತ್ತ ಊರಿದ ಹಾಗೆ ಬರೆಸಿದ್ದ. ಈ ನಾಚಿಕೆಗೆಟ್ಟವನಿಗಾಗಿ ತಾನು ಕತ್ತು ಸವೆಸಿದೆನಲ್ಲ ಎಂದುಕೊಂಡಳು.

"ಅಮ್ಮಾ, ಬನ್ನಿ, ಪ್ಲೀಸ್," ಎಂದ ಸಣ್ಣ ಧಣಿ.

ಅವಳು ಬಾಗಿಲಿನ ತನಕ ನಡೆದಳು. ಒಳಗಿನ ಕತ್ತಲಲ್ಲಿ ತಮ್ಮ ಕೈ ಚಾಚಿ ನಿಂತಿದ್ದ. ಅವಳು ಬಗ್ಗಲಿಲ್ಲ. ಹಣೆಯ ಗಂಟು ಕಮಾನಿನ ಇಟ್ಟಿಗೆಗೆ ತಾಗುವಷ್ಟು ಮುಂದೆ ಹೋಗಿ, ತಾಗಿಸಿಕೊಂಡು, ಹಾಗೇ ನಿಂತಳು.

"ಬಗ್ಗಿ ಅಮ್ಮಾ," ಎಂದ ಒಳಗಿನಿಂದ ಕ್ಯಾಮೆರಾದವನು.

"ಬಗ್ಗಲ್ಲ."

"ಅಕ್ಕಾ, ಏನಿದು? ಎಲ್ಲರೂ ನೋಡ್ತಿದಾರೆ," ಎಂದ ತಮ್ಮ.

"ಅಪ್ಪನ್ನೂ ಎಲ್ಲರೂ ನೋಡ್ತಿದ್ರು."

ಹಿಂದಿನ ಬಿಸಿಲಿನಿಂದ ಬೂದಿ ಅಜ್ಜಿ ಹೊರಟಳು. ಸುಮ್ನಿರು ಎಂದಿದ್ದವಳು. ಕುರ್ಚಿಗಳ ನಡುವಿನಿಂದಲೇ ನಡೆದು ಬಂದಳು. ಅವಳ ಕೈಯಲ್ಲಿ ಬೂದಿ ಕೆದಕುವ ಸಲಾಕೆಯಿತ್ತು.

"ಸುಳ್ಳು ಬರೆದಿದಾರೆ ಮುಂಡೇಮಕ್ಕಳು. ನಾನೇ ನೋಡಿದೀನಿ. ಅವನ ಕಣ್ಣಲ್ಲಿ ನೀರಿತ್ತು. ನಾನು ಅವತ್ತು ಬಾಯಿ ಮುಚ್ಕೊಂಡು ನಿಂತಿದ್ದೆ," ಎಂದು ಸಲಾಕೆಯನ್ನು ದೊಡ್ಡಕ್ಕನ ಕೈಗೆ ಕೊಟ್ಟಳು. "ಹಿಡಿಯೇ. ಕಮಾನಿನ ನಡುವಿನ ಇಟ್ಟಿಗೆ ಮೊದಲು ತೆಗಿ."

ಇಟ್ಟಿಗೆ ಒಡೆಯುವುದು ಭಟ್ಟಿಯವರ ಕೈಗೆ ಬರುವ ಕೆಲಸವಲ್ಲ. ಒಂದೊಂದು ಇಟ್ಟಿಗೆಗೂ ಎಷ್ಟು ಬೆವರು ಎಂದು ಅವರಿಗೆ ಗೊತ್ತು, ಸಿಟ್ಟಿನಲ್ಲೂ ಒಡೆಯುವುದಿಲ್ಲ. ದೊಡ್ಡಕ್ಕ ಸಲಾಕೆಯ ತುದಿಯನ್ನು ಸಂದಿಗೆ ತೂರಿಸಿ ಮೀಟಿದಳು. ಗಾರೆ ಇನ್ನೂ ಎಳಸು. ಇಟ್ಟಿಗೆ ಸಡಿಲಾಯಿತು. ಅದನ್ನು ಬೀಳಲು ಬಿಡದೆ ಕೈಯಲ್ಲಿ ಹಿಡಿದು ಹಿಂದಕ್ಕೆ ಕೊಟ್ಟಳು. ಹಿಂದೆ ಒಬ್ಬಳು ನಿಂತಿದ್ದಳು. ಅವಳ ಹಿಂದೆ ಇನ್ನೊಬ್ಬಳು. ಯಾರೂ ಯಾರನ್ನೂ ಕರೆದಿರಲಿಲ್ಲ. ದಿನಾ ಭಟ್ಟಿಯಿಂದ ಇಟ್ಟಿಗೆ ಇಳಿಸುವ ಸಾಲೇ ಅಲ್ಲಿ ನಿಂತಿತ್ತು. ಇಟ್ಟಿಗೆ ಕೈಯಿಂದ ಕೈಗೆ ಹೋಗಿ, ಬಹುಮಾನದವರ ಕುರ್ಚಿಯ ಪಕ್ಕದಲ್ಲಿ ಅಚ್ಚುಕಟ್ಟಾಗಿ ಸಾಲು ಕಟ್ಟಿ ಕೂತಿತು.

"ಕಟ್ಟಡ ಕೆಡಿಸ್ತಿದಾರೆ! ಯಾರಾದ್ರೂ ಹಿಡೀರಿ!" ಎಂದು ಸಣ್ಣ ಧಣಿ ಕೂಗಿದ. 'ಪ್ಲೀಸ್' ಎನ್ನುವುದು ಮರೆತುಹೋಗಿತ್ತು. ಹಿಡಿಯಬೇಕಾದ ಗಂಡಸರೆಲ್ಲ ಭಟ್ಟಿಯವರೇ. ಅವರು ಒಬ್ಬೊಬ್ಬರಾಗಿ ಸಾಲಿಗೆ ಸೇರಿದರು. ಮೇಸ್ತ್ರಿ ಮಾತ್ರ ಅತ್ತಿತ್ತ ನೋಡಿ, "ಬದಿಯ ಗೋಡೆ ಮುಟ್ಟಬೇಡಿ, ಅಷ್ಟೇ," ಎಂದು ಸುಮ್ಮನೆ ನಿಂತ. ಬಹುಮಾನದವರಲ್ಲಿ ಒಬ್ಬ ಇದೂ ಕಾರ್ಯಕ್ರಮದ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದ, ಪಕ್ಕದವನು ಅವನ ಕೈ ಹಿಡಿದ.

ಬಾಗಿಲಿಗೆ ದೊಡ್ಡಕ್ಕ ಅಡ್ಡವಾಗಿದ್ದಳು, ಒಳಗಿನಿಂದ ತಮ್ಮ ಅರಚುತ್ತಲೇ ಇದ್ದ. "ನಿಲ್ಸಕ್ಕಾ. ನನ್ನ ಜೀವಮಾನದ ಕೆಲಸ ಇದು. ನನ್ನ ಹೆಸರು ಮಣ್ಣುಪಾಲಾಗುತ್ತೆ."

"ಮಣ್ಣಿಂದಲೇ ಬಂದಿದ್ದಲ್ವೇನೋ," ಎಂದು ದೊಡ್ಡಕ್ಕ ಇನ್ನೊಂದು ಇಟ್ಟಿಗೆ ಮೀಟಿದಳು.

ಸಾಲು ಸಾಲಾಗಿ ಗೋಡೆ ಇಳಿಯಿತು. ಅವಳ ಭುಜ ಉರಿಯುತ್ತಿತ್ತು, ಬೆರಳು ತರಚಿ ರಕ್ತ ಬಂದಿತ್ತು. ಬೂದಿ ಅಜ್ಜಿ ಕುರ್ಚಿಯೊಂದನ್ನು ಎಳೆದು ತಂದಳು, ದೊಡ್ಡಕ್ಕ ಅದರ ಮೇಲೆ ನಿಂತು ಮೀಟಿದಳು. ಕೊನೆಯ ಸಾಲು ಬಂದಾಗ ಬಾಗಿಲು ಮಾಡಿನ ತನಕ ತೆರೆದುಕೊಂಡಿತ್ತು. ಎತ್ತರದ ಗಂಡಸು ಕೈ ಮೇಲೆತ್ತಿದರೂ ತುದಿ ಸಿಗದಷ್ಟು. ಒಳಗೆ ಬೆಳಕು ಬಿತ್ತು. ಬೆಳಕಿನಲ್ಲಿ ಕ್ಯಾಮೆರಾದವರು ಕಣ್ಣು ಪಿಳಿಪಿಳಿ ಮಾಡುತ್ತ ನಿಂತಿದ್ದರು.

ದೊಡ್ಡಕ್ಕ ಕುರ್ಚಿಯಿಂದ ಇಳಿದು ಬಾಗಿಲ ಮುಂದೆ ನಿಂತಳು. ಕಾಲು ಎತ್ತಿದ ಕೂಡಲೇ ಕತ್ತು ತಾನಾಗಿಯೇ ತಗ್ಗಲು ಹೋಯಿತು. ಅವಳು ತನ್ನ ಹೆಗ್ಗತ್ತನ್ನು ತಾನೇ ಗಟ್ಟಿಯಾಗಿ ಹಿಡಿದು, ಬೇಕೆಂದೇ ಚಿವುಟಿಕೊಂಡು, ನೆಟ್ಟಗೆ ಒಳಗೆ ನಡೆದಳು. ಅವ್ವನ ನೆನಪಾಯಿತು. ತಿರುಗಿ ಹೊರಗೆ ನೋಡಿದಳು. ಗಾಜಿನ ಆಫೀಸು ಎದುರಿಗೇ ಇತ್ತು, ಅವಳ ಕಣ್ಣಿಗೆ ಸರಿಯಾಗಿ.

ತಮ್ಮ ಅವಳನ್ನು ನೋಡಲಿಲ್ಲ. ಅವನಿಗೆ ಬಹುಮಾನದವರದೇ ಚಿಂತೆ. ಹೊರಗೆ ಅವರು ಎದ್ದು ಕಾರಿನ ಕಡೆ ಹೊರಟಿದ್ದರು. ಅಕ್ಕನನ್ನು ದಾಟಿಕೊಂಡು, ಮಾತು ತಯಾರು ಮಾಡಿಕೊಳ್ಳುತ್ತ, ಬಾಗಿಲ ಕಡೆ ಓಡಿದ. ಮಾಡಿನ ತನಕ ತೆರೆದ ಆ ಬಾಗಿಲಿಗೆ ಬಂದ ಕೂಡಲೇ ಅವನು ಕತ್ತು ಕುಗ್ಗಿಸಿದ, ಸೊಂಟ ಬಗ್ಗಿಸಿದ, ಹಣೆಗೆ ಒಂದು ಕೈ ಅಡ್ಡ ಹಿಡಿದ. ಹಾಗೇ ಹೊರಗೆ ಬಂದ.

ಅಷ್ಟು ಜನರೂ ನೋಡಿದರು. ಕಾರಿನ ಕಡೆ ಹೊರಟವರೂ ನಿಂತು ನೋಡಿದರು. ಸಣ್ಣ ಧಣಿಗೆ ನಗು ತಡೆಯಲಾಗಲಿಲ್ಲ. ಭಟ್ಟಿಯವರು ಒಬ್ಬರೂ ನಗಲಿಲ್ಲ. ಸಾಲಿನಲ್ಲಿ ಇಟ್ಟಿಗೆ ಹಿಡಿದ ಕೈಗಳು ಹಾಗೇ ನಿಂತವು. ಅವನಿಗೂ ತಿಳಿಯಿತು. ಬಗ್ಗಿದವನು ಬಗ್ಗಿದ ಹಾಗೆಯೇ ನಿಂತುಬಿಟ್ಟ, ಇಳಿಬಿಟ್ಟ ಕೂದಲು ಮುಖದ ಮೇಲೆ ಬಿದ್ದಿತ್ತು, ಹಣೆಯ ಗಂಟು ಕಾಣುತ್ತಿತ್ತು.

ದೊಡ್ಡಕ್ಕ ಹಿಂದಿನಿಂದ ಬಂದು ಅವನ ಪಕ್ಕದಲ್ಲಿ ನಿಂತಳು. ಹೆಗ್ಗತ್ತಿಗೆ ಕೈ ಹಾಕಲಿಲ್ಲ.

"ಎತ್ತೋ ತಲೆ," ಎಂದಳು. "ಮೇಲೆ ಏನೂ ಇಲ್ಲ."

ಅವನು ಎತ್ತಿದನೋ ಬಿಟ್ಟನೋ ನೋಡಲು ಅವಳು ನಿಲ್ಲಲಿಲ್ಲ. ಸಲಾಕೆ ಎತ್ತಿಕೊಂಡು ಪಕ್ಕದ ಮನೆಯ ಬಾಗಿಲಿಗೆ ಹೋದಳು.